ಚೇದ ಬಾವಿ

ಆಗೆಲ್ಲ ಕುರುಗೋಡಿನ ನಮ್ಮ ಓಣಿಯಲ್ಲಿ ಯಾರ ಮನೆಗೆ ಯಾವ ನೀರು ಅನ್ನೋದನ್ನ ಒಲೆ ಮೇಲಿನ ಬ್ಯಾಳಿ ಹೇಳುತ್ತಿತ್ತು. ಸವಳು ನೀರಿಗಿಟ್ಟ ತೊಗರಿಬ್ಯಾಳಿ ಮಧ್ಯಾಹ್ನದ ತನಕ ಕುದ್ದರೂ ಕಣ್ಣು ಬಿಟ್ಟುಕೊಂಡು ಕೂತೇ ಇರುತ್ತಿತ್ತು. ಸೋಪು ತಿಕ್ಕಿದಷ್ಟೂ ನೊರೆ ಬಾರದು. ತಲೆಗೂದಲು ತೆಂಗಿನ ನಾರು. ಎಪ್ಪತ್ತರ ದಶಕದಲ್ಲಿ ಆ ಕಡೆ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಸಿಹಿನೀರು ಬೇಕಂದರೆ ಗುಡ್ಡ ಬಳಸಿ ಆಚೆಯ ತೋಟದ ಬಾವಿಗೆ ಹೋಗಬೇಕು. ನಮ್ಮ ಮನೆಯಿಂದ ಹೋಗುತ್ತಿದ್ದವಳು ಅಕ್ಕ, ಗಂಗವ್ವ. ತಂಗಿ ಹುಟ್ಟಿದ ಮೇಲೆ ಅವ್ವನ ನಡು ಹಿಡಿದುಕೊಂಡಿತು, ಕೊಡ ಅಕ್ಕನ ತಲೆಗೇರಿತು. ಆರನೇತ್ತ ಪಾಸಾಗಿದ್ದವಳನ್ನು ಏಳನೇತ್ತಕ್ಕೆ ಕಳಿಸಲೇ ಇಲ್ಲ. ನಾನಿದ್ದೆನಲ್ಲ, ಗಟ್ಟಿಮುಟ್ಟಾಗಿ? "ಗಂಡುಹುಡುಗ ಕೊಡ ಹೊತ್ತರ ಓಣಿ ನಗತೈತಿ" ಅನ್ನುತ್ತಿದ್ದಳು ಅವ್ವ. ಓಣಿಯನ್ನು ನಗಿಸುವುದೇ ನನ್ನ ಕಸುಬು. ಆದರೆ ಈ ಒಂದು ವಿಷಯದಲ್ಲಿ ನಾನು ಬಲು ಗಂಭೀರ ಮನುಷ್ಯನಾಗಿಬಿಡುತ್ತಿದ್ದೆ.

ಕಸುಬು ಅಂದರೆ ಅಣಕಿಸುವುದು. ಹೆಡ್‌ಮಾಸ್ತರರ ಕೆಮ್ಮು, ಕಿರಾಣಿ ಅಂಗಡಿಯ ಹುಸೇನ್ ಸಾಬರು ನೊಣ ಓಡಿಸುತ್ತಲೇ ಸಲಾಮು ಹೊಡೆಯುವುದು, ಅಪ್ಪನ ಗೊರಕೆ, ಮಗ್ಗಿ ಕೇಳಿದಾಗಿನ ನನ್ನದೇ ತೊದಲು, ಎಲ್ಲವೂ ನನ್ನ ಬಾಯಲ್ಲಿ ಇರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿದ್ದದ್ದು ಅಪ್ಪನ ತೆಲುಗಿಗೆ. ಅಪ್ಪ ಬ್ರೂಸ್‌ಪೇಟೆಯ ಶೇಂಗಾ ಅಂಗಡಿಯೊಂದರಲ್ಲಿ ತೂಕಕ್ಕೆ ನಿಲ್ಲುತ್ತಿದ್ದ. ಆಂಧ್ರದ ಕಡೆಯ ವ್ಯಾಪಾರಿಗಳು ಚೀಲಕ್ಕೆ ಕೈಹಾಕಿ, ಕಾಳು ಬಾಯಿಗೆಸೆದು, "ಚೇದು" ಎಂದು ಉಗುಳಿದರೆ ಆ ಚೀಲ ಕಹಿ ಅಂತ ಪಕ್ಕಕ್ಕೆ. ಅಪ್ಪನ ತೆಲುಗು ಆ ಚೀಲಗಳ ನಡುವೆಯೇ ಹುಟ್ಟಿ, ಅಲ್ಲೇ ಬೆಳೆದದ್ದು.

ಆ ಬ್ಯಾಸಿಗಿಯಲ್ಲಿ ಅಪ್ಪ ಹಿತ್ತಲಲ್ಲಿ ಬಾವಿ ತೋಡಿಸಲು ನಿಂತ. "ಸಿಹಿನೀರು ಬಿದ್ದ ಮರುದಿನ ನೀ ಸಾಲಿಗಿ ಹೋಗವ್ವ" ಅಂತ ಅಕ್ಕನಿಗೆ ಮಾತು ಕೊಟ್ಟ. ಆಲೂರು ಕಡೆಯಿಂದ ತೆಲುಗಿನ ಮೇಸ್ತ್ರಿಯೊಬ್ಬ ಆಳುಗಳ ಜೊತೆ ಬಂದ. ಕನ್ನಡ ಅವನಿಗೆ ಒಂದಕ್ಷರ ಬಾರದು. ಅಕ್ಕ ದಿನಾ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಇಳಿಸುತ್ತ, ಬುಟ್ಟಿಯಲ್ಲಿ ಮೇಲೆ ಬಂದ ಮಣ್ಣನ್ನು ಹಿಸುಕಿ ನೋಡುತ್ತಿದ್ದಳು. ಯಾರದೋ ಹಳೆಯ ಏಳನೇತ್ತ ಪುಸ್ತಕಗಳನ್ನು ಬೇಡಿ ತಂದು ರಟ್ಟು ಹಾಕಿಟ್ಟಿದ್ದಳು.

ಒಂದು ಮುಂಜಾನೆ ಹಸಿ ಮಣ್ಣು ಬಂತು. ನಾವೆಲ್ಲ ಗುಂಡಿಯ ಸುತ್ತ ಬಗ್ಗಿ ನಿಂತೆವು. ಕೆಳಗೆ ಮೇಸ್ತ್ರಿ ಬಾಯಲ್ಲಿದ್ದುದನ್ನು ಪಿಚಕ್ ಎಂದು ಉಗುಳಿದ, ಎರಡೂ ಕೈ ಅಗಲಿಸಿದ, ಮೇಲೆ ನೋಡಿ, "ಚೇದ ಬಾವಿಕಿ ಇದಿ ಚಾಲು" ಅಂದ.

ಅಪ್ಪನ ಮುಖ ಇಳಿಯಿತು.

"ಏನಂದಾ?" ಅಂದಳು ಅವ್ವ.

"ಕಹಿ ಬಾವಿ ಆಕ್ಕತಂತ. ಇಷ್ಟಕ್ಕ ಸಾಕು ಅಂತಾನ."

"ಇನ್ನೊಮ್ಮೆ ಕೇಳ್ರಿ."

"ನನಗ ತೆಲುಗು ಕಲಸ್ತೀಯೇನ ನೀನು?"

ಅಪ್ಪ ಮೇಸ್ತ್ರಿಗೆ ಕೈಮುಗಿದು, ಅವತ್ತೇ ಕೆಲಸ ನಿಲ್ಲಿಸಿ ಕಳಿಸಿಬಿಟ್ಟ. ಅಪ್ಪನ ಕೈ ಖಾಲಿಯಾಗಿರಬೇಕು ಅಂದುಕೊಂಡನೋ ಏನೋ, ಆತ ಗುದ್ದಲಿ ಹೆಗಲಿಗೇರಿಸಿ ಮರುಮಾತಿಲ್ಲದೆ ಹೋದ. ಅಕ್ಕ ಸ್ವಲ್ಪ ಹೊತ್ತು ಗುಂಡಿ ನೋಡಿದಳು. ಆಮೇಲೆ ಕೊಡದ ಸಿಂಬಿ ಹುಡುಕುತ್ತ, "ತೋಟದಾಗ ಪಾಳಿ ಹಚ್ಚಿರತಾರ, ಹೊತ್ತಾತು" ಅಂದಳು.

ಮುಂದಿನ ಬ್ಯಾಸಿಗಿಗೆ ಅವಳ ಮದುವೆ, ಕರೂರಿಗೆ. "ಕಾಲುವಿ ನೀರು, ಭತ್ತದ ಸೀಮಿ. ಮಗಳ ತಲಿ ಮ್ಯಾಲಿನ ಕೊಡ ಇಳೀತು" ಅಂತ ಓಣಿಯವರು ಹೊಗಳಿದರು. ಮದುವೆಯ ಪಂಕ್ತಿಯಲ್ಲಿ ಬೀಗರು ನನ್ನನ್ನು ಹಿಡಿದು ಕೂರಿಸಿ ಅಣಕು ಮಾಡಿಸಿದರು. ಹೆಡ್‌ಮಾಸ್ತರರು ಕೆಮ್ಮಿದರು, ಹುಸೇನ್ ಸಾಬರು ಎದುರಿಗೇ ಕೂತು ತಮ್ಮ ಸಲಾಮಿಗೆ ತಾವೇ ನಕ್ಕರು. ಕೊನೆಗೆ ಮೇಸ್ತ್ರಿಯನ್ನು ತಂದೆ. ಉಗುಳಿದೆ, ಕೈ ಅಗಲಿಸಿದೆ, ಅವನದೇ ಗೊಗ್ಗರು ದನಿಯಲ್ಲಿ ಅಂದೆ: "ಚೇದ ಬಾವಿಕಿ ಇದಿ ಚಾಲು."

ಭಾವನ ಅಜ್ಜಿ ತೆಲುಗು ಸೀಮೆಯಿಂದ ಸೊಸೆಯಾಗಿ ಬಂದವಳು. ಬೊಚ್ಚುಬಾಯಿ ತುಂಬ ನಕ್ಕಳು. "ಥೇಟ್ ನಮ್ಮೂರ ಮಂದಿ ಮಾತಾಡಿದಂಗ ಐತಲೇ. ನೀರು ಹೆಂಗ ಬಿತ್ತಪ ಆಮ್ಯಾಲ?"

"ಎಲ್ಲಿ ನೀರಜ್ಜಿ? ಕಹಿ ಅಂದನಲ್ಲ."

"ಕಹಿ ಎಲ್ಲಂದ? ಚೇದ ಬಾವಿ ಅಂದ್ರ ಸೇದೋ ಬಾವಿ. ಹಗ್ಗ ಬಿಟ್ಟು ಸೇದಾಕ ಇಷ್ಟು ಅಗಲ ಸಾಕು ಅಂದಾನ."

ಹೋಳಿಗೆ ಬಡಿಸುತ್ತಿದ್ದ ಅಪ್ಪನ ಕೈ ಯಾರದೋ ಎಲೆಯ ಮೇಲೆ ಹಾಗೇ ನಿಂತಿತು. ಅವ್ವ ಅವನನ್ನು ನೋಡಿದಳು. ಅರಿಶಿಣದ ಸೀರೆಯಲ್ಲಿ ಕೂತಿದ್ದ ಅಕ್ಕನೇ ಮೆಲ್ಲಗೆ ಕೇಳಿದಳು.

"ಯಪ್ಪಾ, ಹಂಗಾರ ನೀರು ಬರತಿತ್ತೇನು?"

"ಉಣ್ಣವ್ವ" ಅಂದ ಅಪ್ಪ. "ಆರತೈತಿ."

ಮದುವೆಯ ಚಪ್ಪರ ಬಿಚ್ಚಿದ ಮೇಲೆ ಅಪ್ಪ ಯಾರನ್ನೂ ಕರೆಯದೆ ತಾನೇ ಗುಂಡಿಗಿಳಿದ. ಹುಸೇನ್ ಸಾಬರು ಅಂಗಡಿ ಮುಚ್ಚಿ ಬಂದು ಮೇಲಿನಿಂದ ಬುಟ್ಟಿ ಎಳೆದರು, ನಾನೂ ಎಳೆದೆ. ಹೆಚ್ಚೇನೂ ಅಗೆಯಬೇಕಾಗಲಿಲ್ಲ. ನೀರು ಬಂತು, ಸಿಹಿಯಾಗಿಯೇ ಬಂತು. ಅವತ್ತು ನಮ್ಮನೆ ಬ್ಯಾಳಿ ಬೆಣ್ಣೆಯಂತೆ ಬೆಂದಿತ್ತು. ಅಪ್ಪ ಅದನ್ನು ಮುಟ್ಟದೆ ಬರೀ ಮಜ್ಜಿಗೆ ಕಲಸಿ ಉಂಡು ಎದ್ದ. ಆಮೇಲೆ ಅವನ ತೆಲುಗನ್ನು ಅಣಕಿಸಲು ನನಗೂ ಬಾಯಿ ಬರಲಿಲ್ಲ.

ಓಣಿಯ ಎಲ್ಲರೂ ಅಲ್ಲೇ ಸೇದಿದರು. ದೊಡ್ಡವಳಾದ ಮೇಲೆ ತಂಗಿ ಮುಂಜಾನೆ ಎರಡು ಕೊಡ ಸೇದಿಟ್ಟು, ಗಂಟೆ ಹೊಡೆಯುವ ಮೊದಲೇ ಸಾಲಿ ಮುಟ್ಟುತ್ತಿದ್ದಳು. ಅವಳ ವಾರಿಗೆಯ ಹುಡುಗಿಯರೂ ಹಾಗೇ. ಹಬ್ಬಕ್ಕೆ ಬಂದಾಗ ಅಕ್ಕ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಾವಿ ಕಟ್ಟೆಯ ಮೇಲೆ ಕೂತು, ಅವರ ಜಡೆ ಸರಿಮಾಡಿ ಕಳಿಸುತ್ತಿದ್ದಳು.

ಈಗ ಮನೆಮನೆಗೆ ನಳ ಬಂದಿದೆ, ಅದರಲ್ಲಿ ನೀರು ಬಂದಾಗ ಬರುತ್ತದೆ. ಬಾವಿಯ ಬಾಯಿಗೆ ಬಂಡೆ ಎಳೆದು, ಮೇಲೆ ಬೈಕು ನಿಲ್ಲಿಸುತ್ತಾರೆ. ಕುಡಿಯಲು ಕ್ಯಾನು. ಎಂಥ ಬಾವಿ ಕಳಕೊಂಡೆವು ಅಂತ ಓಣಿಯವರು ಮರುಗುತ್ತಾರೆ, ನಾನೂ ಹೌದೆನ್ನುತ್ತೇನೆ. ಆದರೆ ಬಾವಿ ಇನ್ನೊಂದು ತೋಡಬಹುದು. ಆ ಗುಂಡಿ ಬಾಯಿ ತೆರೆದುಕೊಂಡು ಸುಮ್ಮನೆ ಬಿದ್ದಿದ್ದ ಆ ಒಂದು ವರ್ಷ, ಅಕ್ಕನ ಏಳನೇತ್ತದ ವರ್ಷವಾಗಿತ್ತು.