ಬಲ್ಕಾರ್ ಸಿಂಗ್ ಒಳಗೆ ಬಂದ ದಿನ

ಬಲ್ಕಾರ್ ಸಿಂಗನಂಥ ಇನ್ನೊಬ್ಬ ಪುಕ್ಕಲನನ್ನು ನಾನು ಕೆನಡಾದ ಈ ಬ್ರ್ಯಾಂಪ್ಟನ್ನಿನಲ್ಲಿ ಕಂಡಿಲ್ಲ. ಆಳು ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು, ಅಷ್ಟೆತ್ತರ. ಹಿಮದಲ್ಲಿ ಜಾರಿದ ಲಾರಿಯನ್ನು ಒಂದೇ ಕೈಯಲ್ಲಿ ಹತೋಟಿಗೆ ತಂದದ್ದನ್ನು ಪಕ್ಕದ ಸೀಟಿನಲ್ಲಿ ಕೂತು ನಾನೇ ನೋಡಿದ್ದೇನೆ. ಆದರೆ ಸಮವಸ್ತ್ರ ತೊಟ್ಟವರು ಎದುರಿಗೆ ಬಂದರೆ ಸಾಕು, ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಾನೆ. ಪಕ್ಕದ ಮನೆಯವನು, ಹಳೇ ಜೊತೆಗಾರ ಮೋಹಿಂದರ್ ನಾನು. ಇಷ್ಟು ಅನ್ನುವ ಸಲಿಗೆ ನನಗಿದೆ.

ಎಂಬತ್ತರ ದಶಕದಲ್ಲಿ ಪಂಜಾಬಿನ ಗಲಾಟೆಯಿಂದ ಜೀವ ಉಳಿಸಿಕೊಂಡು ಬಂದವನು ಅವನು. ಇಲ್ಲಿ ಆಶ್ರಯ ಕೇಳಿದ. ಅಧಿಕಾರಿಗಳು ವರ್ಷಗಟ್ಟಲೆ ಅವನನ್ನು ಒಂದೊಂದು ಕೋಣೆಗೆ ಕರೆದು ಕೂರಿಸಿ, ಅದದೇ ಪ್ರಶ್ನೆ ಕೇಳಿದರು. ಕೊನೆಗೆ ನಂಬಿದರು, ಪೌರತ್ವವನ್ನೂ ಕೊಟ್ಟರು. ಅಷ್ಟು ಹೊತ್ತಿಗೆ ಆ ಭಯ ಅವನ ಮೂಳೆಗೆ ಇಳಿದಿತ್ತು.

ಇಂಥವನು ಮಂಡಿ ನೋವಿಗೆ ಲಾರಿ ಬಿಟ್ಟ ಮೇಲೆ ಹಿಡಿದ ಕೆಲಸ ಯಾವುದು ಗೊತ್ತೇ? ಓದು ಮುಗಿಸಿದ ನಮ್ಮ ಹುಡುಗ ಹುಡುಗಿಯರನ್ನು ನಯಾಗರಾದ ಗಡಿಗೆ ಕರೆದುಕೊಂಡು ಹೋಗುವುದು! ಕೆಲಸದ ಪರ್ಮಿಟ್ಟಿಗೆ ಮನೆಯಲ್ಲೇ ಕೂತು ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಅದರ ಬದಲು ಸೇತುವೆ ದಾಟಿ ಅಮೆರಿಕದ ಬಾಗಿಲು ಮುಟ್ಟಿ ಹಿಂತಿರುಗಿದರೆ, ಈ ಕಡೆಯ ಅಧಿಕಾರಿಗಳು ಅವತ್ತೇ ಕೈಗೆ ಪರ್ಮಿಟ್ ಕೊಡುತ್ತಿದ್ದರು. ನಮ್ಮವರು ಇದನ್ನು ‘ಸುತ್ತು ಹಾಕೋದು’ ಅನ್ನುತ್ತಿದ್ದರು. ಈಗ ಅದು ನಿಂತುಹೋಗಿದೆ. ಬಲ್ಕಾರ್ ಗಡಿಯವರೆಗೆ ಬಂದು ವ್ಯಾನಿನಲ್ಲೇ ಕೂರುತ್ತಿದ್ದ. ಸೇತುವೆ ದಾಟಿಸಿ ಕಚೇರಿಗೆ ಕರೆದೊಯ್ಯುವ ಪಾಡು ನನ್ನದು.

ಒಂದು ಶುಕ್ರವಾರ ರಮನೀಕ್ ಕೌರ್ ಅನ್ನುವ ಹುಡುಗಿ ಬಂದಳು. ಪಂಜಾಬಿನ ಮಾನ್ಸಾ ಕಡೆಯವಳು, ವೃದ್ಧರ ಆರೈಕೆಯ ಎರಡು ವರ್ಷದ ಕೋರ್ಸ್ ಮುಗಿಸಿದ್ದಳು. ಒಂದು ವೃದ್ಧಾಶ್ರಮದವರು ಸೋಮವಾರದಿಂದಲೇ ಬಾ ಅಂದಿದ್ದರು, ಪರ್ಮಿಟ್ ಇದ್ದರೆ. ಬಹಳ ನಿಯಮದ ಹುಡುಗಿ. ಪರ್ಮಿಟ್ ಸಿಗುವವರೆಗೆ ದುಡಿಯಬಾರದು ಅಂತ ಅಂಗಡಿಯ ಕೆಲಸ ಬಿಟ್ಟು, ಬಾಡಿಗೆಯ ಕೋಣೆಯನ್ನೂ ಬಿಟ್ಟು, ನಮ್ಮ ಗುರುದ್ವಾರದ ಮಹಡಿಗೆ ಬಂದಿದ್ದಳು. ಬಿಟ್ಟಿ ಉಣ್ಣಲು ಸಂಕೋಚವಾಗಿ ದಿನವಿಡೀ, ಬಂದವರಿಗೆಲ್ಲ ಊಟ ಹಾಕುವ ಲಂಗರಿನ ಅಡುಗೆಮನೆಯಲ್ಲಿ ರೊಟ್ಟಿ ಲಟ್ಟಿಸುತ್ತಿದ್ದಳು.

ಸೇತುವೆ ದಾಟಿ ಬಂದದ್ದಾಯಿತು. ಜೊತೆಗಿದ್ದ ಇಬ್ಬರು ಹುಡುಗರ ಕೆಲಸ ಬೇಗ ಮುಗಿಯಿತು. ರಮನೀಕಳ ಸರದಿ ಬಂದಾಗ ಕನ್ನಡಕದ ಅಧಿಕಾರಿಣಿ, “ಕೋರ್ಸ್ ಮುಗಿದ ಮೇಲೆ ಏನು ಮಾಡ್ತಿದ್ದೆ?” ಅಂತ ಕೇಳಿದಳು.

ಸುಮ್ಮನೆ ಇದ್ದೆ ಅನ್ನಬಾರದೇ? ಆದರೆ ಸೋಮಾರಿ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದಿಲ್ಲ.

“ಒಂದು ದಿನಾನೂ ಸುಮ್ನೆ ಕೂತಿಲ್ಲ, ಮೇಡಂ,” ಅಂದಳು ಹೆಮ್ಮೆಯಿಂದ. “ಬೆಳಗ್ಗೆಯಿಂದ ಸಂಜೆವರೆಗೂ ಗುರುದ್ವಾರದ ಅಡುಗೆಮನೇಲೇ ಇರ್ತೀನಿ. ಊಟ ಅವರದ್ದೇ, ಕೋಣೆನೂ ಅವರೇ ಕೊಟ್ಟಿದ್ದಾರೆ.”

ಅಧಿಕಾರಿಣಿಯ ಪೆನ್ನು ನಿಂತಿತು. “ದುಡಿಸ್ಕೊಂಡು ಊಟ, ಕೋಣೆ ಕೊಟ್ರೆ ಅದೂ ಸಂಬಳಾನೇ ಅಲ್ವಾ? ಪರ್ಮಿಟ್ ಇಲ್ಲದೆ ದುಡಿದಿದ್ರೆ ನಾನು ಇದನ್ನ ಕೊಡೋಕಾಗಲ್ಲ.”

ಇದು ತಪ್ಪಿದರೆ ಹುಡುಗಿ ಮಾನ್ಸಾಕ್ಕೆ ವಾಪಸ್ಸೇ. ನನಗೆ ರೇಗಿಹೋಯಿತು. “ರೀ, ಅದು ಸೇವೆ! ದೇವರ ಮನೇಲಿ ಯಾರಾದ್ರೂ ಸಂಬಳ ಕೊಡ್ತಾರೇನ್ರೀ?” ಅಂತ ಕೂಗಿದೆ.

“ನೀವು ಹೋಗಿ ಕೂತ್ಕೊಳ್ಳಿ,” ಅಂದಳು ಆಕೆ. ಆಮೇಲೆ ರಮನೀಕಳಿಗೆ, “ಆ ಅಡುಗೆಮನೆ ನೋಡ್ಕೊಳ್ಳೋರು ಯಾರಾದ್ರೂ ಇದ್ರೆ ನಾನು ಮಾತಾಡ್ಬೇಕು,” ಅಂದಳು. ಅಡುಗೆಮನೆಯ ಉಸ್ತುವಾರಿ ಬಲ್ಕಾರನದೇ. ನಾನು ವ್ಯಾನಿನತ್ತ ಓಡಿದೆ.

ನಡೆದದ್ದು ಕೇಳಿ ಅವನು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ. “ನಿಂಗೂ ಎಲ್ಲಾ ಗೊತ್ತಲ್ಲ, ನೀನೇ ಹೇಳೋ.”

“ನಾನು ಹೇಳಿದ್ದಾಯ್ತು. ಕತ್ತು ಹಿಡಿದು ಆಚೆ ದಬ್ಬಲಿಲ್ಲ, ಅಷ್ಟೇ.”

“ಫೋನಲ್ಲಿ ಮಾತಾಡ್ತೀನಿ.”

“ಬಾಗಿಲಲ್ಲಿ ಕೂತು ಫೋನ್ ಮಾಡ್ತೀಯಾ? ಹೆಣ್ಣುಮಗು ಒಬ್ಳೇ ನಿಂತಿದ್ದಾಳೆ ಕಣೋ. ಅವತ್ತು ನೀನು ಒಬ್ನೇ ನಿಂತಿದ್ದೆಯಲ್ಲ, ಹಾಗೇ.”

ಅವನು ಪಗಡಿ ಸರಿಮಾಡಿಕೊಂಡು ಇಳಿದ.

ಒಳಗೆ ಬಂದವನೇ, ಯಾರೂ ಕೇಳದೆಯೇ ಪಾಸ್‌ಪೋರ್ಟು, ಲೈಸೆನ್ಸು, ಆಸ್ಪತ್ರೆಯ ಕಾರ್ಡು ಎಲ್ಲವನ್ನೂ ಮೇಜಿನ ಮೇಲಿಟ್ಟ. ನೋಡಲಾಗಲಿಲ್ಲ ನನಗೆ. ಆಕೆ ಅವನ್ನೆಲ್ಲ ಮೆಲ್ಲಗೆ ಅವನ ಕಡೆಗೇ ಸರಿಸಿದಳು. “ನೀವು ಈ ದೇಶದ ಪ್ರಜೆ. ನಿಮ್ಮನ್ನ ಯಾರೂ ವಿಚಾರಣೆ ಮಾಡ್ತಿಲ್ಲ. ಕೂತ್ಕೊಂಡು ಮಾತಾಡಿ.”

ಅವನು ಕೂರಲಿಲ್ಲ. “ಅಲ್ಲಿ ಊಟ ಎಲ್ರಿಗೂ, ಮೇಡಂ. ರೊಟ್ಟಿ ಮಾಡ್ದವರಿಗೂ, ಮಾಡದೇ ಇದ್ದವರಿಗೂ. ನೀವು ಬಂದ್ರೂ ಪಂಕ್ತೀಲಿ ಕೂರಿಸಿ ಬಡಿಸ್ತೀವಿ. ನಾನು ಈರುಳ್ಳಿ ಹೆಚ್ತೀನಿ, ನಮ್ಮ ಹಲ್ಲಿನ ಡಾಕ್ಟ್ರು ಭಾನುವಾರ ಎಲ್ಲರ ಚಪ್ಪಲಿ ಜೋಡಿಸ್ತಾರೆ.”

“ಕೋಣೆ?”

“ಊರು ಬಿಟ್ಟು ಬಂದವರಿಗೆ ಅಂತಾನೇ ಇರೋದು. ನಾಳೆಯಿಂದ ಇವಳು ಲಟ್ಟಣಿಗೆ ಮುಟ್ಟಲ್ಲ ಅಂದ್ರೂ ಖಾಲಿ ಮಾಡು ಅನ್ನೋರಿಲ್ಲ. ಇವಳು ನಿಯಮ ಮುರಿಯೋ ಮಗು ಅಲ್ಲ, ಮೇಡಂ. ಬೇಕಾದ್ರೆ ನನ್ನ ಹೆಸರು ಬರ್ಕೊಳ್ಳಿ.”

ಅವನ ಬಾಯಲ್ಲಿ ಆ ಮಾತು! ಅವನು ತನ್ನ ಹೆಸರನ್ನು ಮನೆಯ ಬಾಗಿಲಿನ ಮೇಲೂ ಬರೆಸಿದವನಲ್ಲ. ಆಕೆ ಎದ್ದು ಮೇಲಧಿಕಾರಿಯ ಕೋಣೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ರಮನೀಕ್ ಅವನ ತೋಳು ಹಿಡಿದು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿ, “ನಂದು ಏನಾದ್ರೂ ಆಗ್ಲಿ, ನೀವು ಹೆದರ್ಬೇಡಿ ತಾಯಾಜಿ,” ಅಂದಳು. ತಾಯಾಜಿ ಅಂದರೆ ನಮ್ಮಲ್ಲಿ ದೊಡ್ಡಪ್ಪ; ಸ್ವಂತ ದೊಡ್ಡಪ್ಪನಿಗೆ ಹೇಳುವ ಹಾಗೆ ಹೇಳಿದಳು.

ಆಕೆ ಬಂದಾಗ ಕೈಯಲ್ಲಿ ಪರ್ಮಿಟ್ ಇತ್ತು.

ಹೊರಗೆ ಬಂದ ಮೇಲೆ ಹುಡುಗಿ ಅಳುತ್ತ ನಗುತ್ತ ಅದನ್ನು ಅವನಿಗೆ ತೋರಿಸಿದಳು. “ಮೂರು ವರ್ಷ ಕೊಟ್ಟಿದ್ದಾರೆ, ತಾಯಾಜಿ.”

ಬಲ್ಕಾರ್ ಕಾಗದ ನೋಡಲಿಲ್ಲ. ಜಲಪಾತದ ಸದ್ದು ಬರುವ ದಿಕ್ಕಿಗೆ ನೋಡುತ್ತಿದ್ದ.

“ಮೂರು ವರ್ಷ ಆದ್ಮೇಲೆ ಏನೋ ಎಂತೋ ಅಂತ ಇವತ್ತಿಂದ್ಲೇ ಹೆದರ್ಕೊಂಡು ಕೂರ್ಬೇಡ, ಮಗಳೇ. ನಾನು ಹಾಗೇ ಕೂತೆ. ನನ್ನ ಹೆಂಡ್ತಿ, ನಿನ್ನ ತಾಯೀಜಿ, ಈ ನೀರು ನೋಡ್ಬೇಕು ಅಂತ ಎಷ್ಟು ಸಲ ಕೇಳಿದ್ಳು. ಗಡಿ ಹತ್ರ, ಅಧಿಕಾರಿಗಳು ಓಡಾಡ್ತಿರ್ತಾರೆ, ಬೇಡ ಅಂದೆ. ನೋಡ್ದೇನೇ ಹೋಗ್ಬಿಟ್ಳು.”

ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ ನನಗೂ ಇದು ಗೊತ್ತಿರಲಿಲ್ಲ. ರಮನೀಕ್ ಪರ್ಮಿಟ್ಟನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ಅವನ ಕೈ ಹಿಡಿದುಕೊಂಡು ನೀರಿನ ಕಡೆಗೆ ನಡೆದಳು. ನಾನು ಹಿಂದೆ ಹೋಗಲಿಲ್ಲ.