ಬಿಳಿ ತೋರಿಸದ ಲ್ಯಾಪ್‌ಟಾಪ್‌ಗಳು

ಸಿದ್ಧಲಿಂಗೇಶ ನನ್ನನ್ನು ಕಂಪ್ಯೂಟರ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ಎಳೆದುಕೊಂಡು ಹೋದ ದಿನ ನನ್ನ ತಲೆ ಸರಿಯಿರಲಿಲ್ಲ. ಮೊದಲಿಗೆ ಮೇ ತಿಂಗಳ ಬಿಸಿಲು. ಅದೂ ಅಲ್ಲದೆ ಲ್ಯಾಪ್‌ಟಾಪ್ ಬಗ್ಗೆ ನನಗೆ ಗೊತ್ತಿರುವುದು ಅದನ್ನು ಮಡಚಬಹುದು ಎಂಬುದಷ್ಟೇ. ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ಫೈಲು ತಿರುವಿ ಹಾಕಿ ನಿವೃತ್ತನಾದವನಿಗೂ ಫೋಟೋ, ವಿಡಿಯೋ ಎಡಿಟ್ ಮಾಡುವ ಯಂತ್ರಕ್ಕೂ ಏನು ಸಂಬಂಧ? ಹಾಗೆಂದರೆ ಅವನು, "ನೀ ಏನೂ ಮಾತಾಡಬ್ಯಾಡ. ಅಂಗಡಿಯವ್ರು ಮಾತಿನಾಗ ಕೆಡವ್ತಾರ. ಆ ನಿನ್ನ ಸಿಡುಕು ಮಾರಿ ಹಾಕ್ಕೊಂಡು ಬಾಜೂಕ ನಿಂತ್ರ ಸಾಕು" ಎಂದ. ಆ ಕೆಲಸಕ್ಕೆ ನಾನು ತಕ್ಕವನೇ ಎಂದು ಹೊರಟೆ.

ಮೈಲಾಪೂರಿನ ಒಂದೇ ಕಟ್ಟಡದಲ್ಲಿ ನಲವತ್ತು ವರ್ಷದಿಂದ ಅವನು ಕೆಳಗೆ, ನಾನು ಮೇಲೆ. ಅವನ ಅಜ್ಜ ರಾಣೆಬೆನ್ನೂರಿನಿಂದ ಜವಳಿ ವ್ಯಾಪಾರಕ್ಕೆಂದು ಮದರಾಸಿಗೆ ಬಂದವರು. ಅಪ್ಪ ಏಕಾಂತಪ್ಪನವರೂ ಅಂಗಡಿಯ ಗಲ್ಲಾದ ಮೇಲೆ ಕೂತೇ ಬಾಳು ಸವೆಸಿದರು. ಇವನು ಮಾತ್ರ ಗಜಕೋಲು ಬಿಟ್ಟು ಕ್ಯಾಮೆರಾ ಹಿಡಿದ. ಆದರೂ ಬಟ್ಟೆ ಅಂಗಡಿಯ ರಕ್ತ ಎಲ್ಲಿ ಹೋಗುತ್ತದೆ? ಒಂದೇ ಹಸಿರಿನಲ್ಲಿ ಹದಿನಾಲ್ಕು ಹಸಿರು ಕಾಣುವ ಕಣ್ಣು ಅವನದು. ಚೆನ್ನೈಯಲ್ಲಿ ಕನ್ನಡದವರ ಮದುವೆ ಎಂದರೆ ಕಲರ್ ಸಿದ್ಧಣ್ಣನೇ ಬರಬೇಕು. ಮದುಮಗಳ ಮುಖಕ್ಕೆ ಹಿಟ್ಟು ಬಳಿದಂತೆ ಮಾಡುವವನಲ್ಲ. ಕಪ್ಪಗಿದ್ದರೆ ಕಪ್ಪಗೆ, ಎಣ್ಣೆಗೆಂಪಿದ್ದರೆ ಎಣ್ಣೆಗೆಂಪು. ಸೀರೆಯ ಬಣ್ಣವಂತೂ ಮಗ್ಗದಿಂದ ಈಗ ತಾನೇ ಇಳಿಸಿದ ಹಾಗೆ. ಅರವತ್ತೊಂದಾದರೂ ಗಿರಾಕಿಗಳು ಅವನನ್ನು ಬಿಡದಿರುವುದಕ್ಕೆ ಆ ಕಣ್ಣೊಂದೇ ಕಾರಣ. ಅದರ ಜಂಬವೂ ಅವನಿಗೆ ಕಡಿಮೆಯಿರಲಿಲ್ಲ.

ಇದುವರೆಗೆ ವಿಡಿಯೋ ಕೆಲಸವನ್ನು ಹೊರಗೆ ಕೊಟ್ಟುಬಿಡುತ್ತಿದ್ದ. ಈ ಸಲ ಸಂಗೀತಾ ಎಂಬ ಹುಡುಗಿಯ ಮದುವೆಯಲ್ಲಿ ಫೋಟೋದ ಜೊತೆಗೆ ವಿಡಿಯೋವನ್ನೂ ತಾನೇ ಎಡಿಟ್ ಮಾಡಿಕೊಡುವೆನೆಂದು ಒಪ್ಪಿಕೊಂಡ. ಮೂರು ಕ್ಯಾಮೆರಾದ ಫೋರ್‌ಕೆ ದೃಶ್ಯಗಳನ್ನು ತುಂಬಿದ ಕೂಡಲೇ ಹಳೆಯ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ಮಂತ್ರ ಒಂದು ಕಡೆ, ಪುರೋಹಿತರ ತುಟಿ ಇನ್ನೊಂದು ಕಡೆ. ಅದನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಅದರ ಪರದೆ ಎರಡು ವರ್ಷದಿಂದ ಹಳದಿಗೆ ತಿರುಗಿದೆ ಎನ್ನುವುದೇ ಅವನ ದೊಡ್ಡ ದೂರು. ಎಷ್ಟು ನೀಲಿ ಸೇರಿಸಿದರೂ ಸಾಲದಂತೆ. ಮುಂದಿನ ಶುಕ್ರವಾರ ಸಂಗೀತಾಳ ಆಲ್ಬಮ್ ಪ್ರೆಸ್ಸಿಗೆ ಹೋಗಬೇಕು. ಈ ಪರದೆ ನಂಬಿ ಬಣ್ಣ ಕೂಡಿಸಿದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು ಎಂದು ಚಡಪಡಿಸುತ್ತಿದ್ದ.

ಅಂಗಡಿಯಲ್ಲಿ ಅಭಿಲಾಷ್ ಎಂಬ ಯುವಕ ನಮ್ಮನ್ನು ಕೂರಿಸಿಕೊಂಡ. ಸಿದ್ಧಲಿಂಗೇಶ ಜೇಬಿನಿಂದ ಚೀಟಿ ತೆಗೆದ. ರ್‍ಯಾಮ್ ಮೂವತ್ತೆರಡು, ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಇರಬೇಕು, ಎಸ್‌ಎಸ್‌ಡಿ ಒಂದು ಟಿಬಿಗೆ ಕಡಿಮೆ ಬೇಡ. ಕೊನೆಯಲ್ಲಿ "ಬಿಳಿ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಅಭಿಲಾಷ್ ಬಿಳಿ ಬಣ್ಣದ ಲ್ಯಾಪ್‌ಟಾಪ್ ಬೇಕೇನೋ ಎಂದುಕೊಂಡ. ಇವನು ಪೆನ್‌ಡ್ರೈವ್ ಹೊರತೆಗೆದ.

ಮಿಕ್ಕ ಫೋಟೋಗ್ರಾಫರುಗಳು ಪರದೆ ಪರೀಕ್ಷಿಸಲು ಏನೇನೋ ಉಪಕರಣ ಇಟ್ಟುಕೊಂಡಿರುತ್ತಾರಂತೆ. ಇವನದು ವಿಭೂತಿ. ತೀರಿಕೊಂಡ ಏಕಾಂತಪ್ಪನವರು ಪೂಜೆ ಮುಗಿಸಿ ಎದ್ದಾಗ ತೆಗೆದ ಫೋಟೋ ಒಂದು ಆ ಪೆನ್‌ಡ್ರೈವಿನಲ್ಲಿ ಸದಾ ಇರುತ್ತದೆ. ಕಪ್ಪು ಹಣೆ, ಅದರ ಮೇಲೆ ಮೂರು ಬೆರಳಿನ ವಿಭೂತಿ. ಒಳ್ಳೆಯ ಪರದೆಯಲ್ಲಿ ಅದು ಅಚ್ಚ ಬಿಳಿಯಾಗಿ, ಪುಡಿಪುಡಿಯಾಗಿ ಕಾಣಬೇಕು. ಒಣಗಿದ ಗೆರೆಯ ಸಂದಿನಲ್ಲಿ ಚರ್ಮ ಇಣುಕಬೇಕು. ಇಪ್ಪತ್ತು ವರ್ಷದಲ್ಲಿ ಮೂರು ಕಂಪ್ಯೂಟರ್ ಆರಿಸಿದ್ದು ಹೀಗೆಯೇ, ಮೂರೂ ಚೆನ್ನಾಗಿ ಬಾಳಿದ್ದವು. ನಮ್ಮ ಗೋಪಿಚಂದನದಲ್ಲಿ ಪರೀಕ್ಷೆ ಮಾಡಿದ್ದರೆ ಹಳದಿ ಪರದೆಯೂ ಪಾಸಾಗುತ್ತಿತ್ತು ಎಂದು ನಾನು ಛೇಡಿಸಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಲ್ಯಾಪ್‌ಟಾಪಿನಲ್ಲಿ ಮೂರು ಕ್ಯಾಮೆರಾದ ದೃಶ್ಯಗಳೂ ನೀರಿನಂತೆ ಓಡಿದವು. ಸಿದ್ಧಲಿಂಗೇಶನ ಮುಖ ಅರಳಿತು. ಆಮೇಲೆ ತಂದೆಯ ಫೋಟೋ ತೆರೆದ. ಅರಳಿದ ಮುಖ ಮುದುಡಿತು. ಹಳದಿ ಎಂದ. ಎರಡನೆಯದೂ ಹಳದಿ. ಮೂರನೆಯದು ಬಲು ದೊಡ್ಡ ಹೆಸರಿನ ಕಂಪನಿಯದು, ಅದೂ ಹಳದಿ. ಅಭಿಲಾಷ್ ರಾತ್ರಿಯ ಬೆಳಕಿನ ಸೆಟ್ಟಿಂಗ್ ಆರಿಸಿದ, ಪ್ರಖರತೆ ಏರಿಸಿದ, ಇಳಿಸಿದ, ಒಳಗಿಂದ ಹೊಸ ಪೆಟ್ಟಿಗೆಯನ್ನೇ ಒಡೆದು ತಂದ. ಆರು ಲ್ಯಾಪ್‌ಟಾಪ್‌ಗಳಲ್ಲಿ ಏಕಾಂತಪ್ಪನವರು ಸಾಲಾಗಿ ಕೂತು ನಮ್ಮನ್ನು ನೋಡುತ್ತಿದ್ದರು. ಇವನಿಗೆ ಒಂದೂ ಒಪ್ಪಿಗೆಯಿಲ್ಲ. ಈಗಿನ ಕಾಲದಲ್ಲಿ ಎಲ್ಲರೂ ಸೇರಿ ಪರದೆಯಲ್ಲಿ ಮೋಸ ಮಾಡುತ್ತಿದ್ದಾರೆ ಎಂದು ಗೊಣಗಿದ.

ನನಗೆ ಹೊಟ್ಟೆ ಹಸಿದಿತ್ತು. ಬಗ್ಗಿ ನೋಡಿದೆ. ನನಗೇನೋ ಆರರಲ್ಲೂ ವಿಭೂತಿ ಬೆಳ್ಳಗೇ ಕಂಡಿತು. ಹಾಗೆಯೇ ಹೇಳಿದೆ. ಅವನು ಪಾಪ ಎನ್ನುವಂತೆ ನನ್ನನ್ನು ನೋಡಿದ. ಮರ್ಯಾದೆ ಪ್ರಶ್ನೆ ಬಂತಲ್ಲ ಎಂದು, ಪಕ್ಕದಲ್ಲಿ ಹೆಡ್‌ಫೋನ್ ನೋಡುತ್ತಿದ್ದ ಹೆಂಗಸೊಬ್ಬಳನ್ನು ಕರೆದು ಕೇಳಿದೆ. ಅವಳೂ ಬಿಳಿ ಎಂದಳು.

ಅಭಿಲಾಷ್ ಒಳಗೆ ಹೋಗಿ ಕಾಗದದ ಹೊಸ ಕಟ್ಟು ತಂದ. ನಮ್ಮೆದುರೇ ಹರಿದು ಒಂದು ಹಾಳೆ ಎಳೆದು, ಇದು ಯಾವ ಬಣ್ಣ ಸಾರ್ ಎಂದು ಕೇಳಿದ.

ಸಿದ್ಧಲಿಂಗೇಶ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದ. ಇದೂ ಹಳದಿಯೇ ಅಲ್ಲವೇನಪ್ಪ, ಇಂಥ ಹಳೇ ಕಾಗದ ಯಾಕೆ ತರಿಸುತ್ತೀರಿ ಎಂದು ತಮಿಳಿನಲ್ಲಿ ಗದರಿದ.

ಆ ಹಾಳೆ ಹಾಲಿನ ಹಾಗೆ ಬೆಳ್ಳಗಿತ್ತು. ಹೆಡ್‌ಫೋನಿನ ಹೆಂಗಸು ತಲೆ ತಗ್ಗಿಸಿದಳು. ಅಭಿಲಾಷ್ ತಗ್ಗಿದ ದನಿಯಲ್ಲಿ, ತಿರುವೊಟ್ಟಿಯೂರಿನಲ್ಲಿ ತನ್ನ ತಾಯಿಯೂ ಹೋದ ವರ್ಷ ಹಾಲೆಲ್ಲ ಹಳದಿ ಎಂದು ಹಾಲಿನವನ ಜೊತೆ ಜಗಳ ಆಡುತ್ತಿದ್ದರು, ಕೊನೆಗೆ ನೋಡಿದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು ಎಂದ.

ಒಂದೊಂದೇ ನನ್ನ ತಲೆಯೊಳಗೆ ಬಂದು ಕೂತವು. ಎರಡು ವರ್ಷದಿಂದ ಇವನು ವಿಭೂತಿ ಕಲಬೆರಕೆ ಎಂದು ಮೂರು ಅಂಗಡಿ ಬದಲಾಯಿಸಿದ್ದ. ಪಂಚೆ ಬೆಳ್ಳಗಾಗುತ್ತಿಲ್ಲ ಎಂದು ಸೋಪಿನ ಪುಡಿಯನ್ನು ಬೈದಿದ್ದ. ಮೆಟ್ಟಿಲಿನ ಟ್ಯೂಬ್‌ಲೈಟ್ ಹಾಳಾಗಿದೆ ಎಂದು ಅಸೋಸಿಯೇಷನ್ ಸಭೆಯಲ್ಲಿ ಕೂಗಾಡಿದ್ದ. ಇಡೀ ಮದರಾಸನ್ನೇ ಅನುಮಾನಿಸಿದ ಮನುಷ್ಯ ತನ್ನ ಕಣ್ಣೊಂದನ್ನು ಅನುಮಾನಿಸಿರಲಿಲ್ಲ. ಯಾಕೆ ಅನುಮಾನಿಸಿಯಾನು? ಅದು ಕಲರ್ ಸಿದ್ಧಣ್ಣನ ಕಣ್ಣು.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಹಾಳೆ ಇನ್ನೂ ಕೈಯಲ್ಲೇ ಇತ್ತು. "ಎರಡು ವರ್ಷ ನೀಲಿ ಸೇರಿಸ್ತಾ ಬಂದೀನಲ್ಲೋ," ಎಂದ. "ಪರದೆ ಸರಿ ಇತ್ತು ಅಂದ್ರ, ನಾ ಮಾಡಿದ ಮದುವಿ ಎಲ್ಲಾದ್ರಾಗೂ ಹುಡುಗ್ಯಾರ ಮುಖ ಹೆಣದ ಬಣ್ಣ ಆಗಿರ್ತೈತಿ."

ಲ್ಯಾಪ್‌ಟಾಪ್ ಕೊಳ್ಳದೆ ಹಿಂತಿರುಗಿದೆವು. ಚಿಂತಾದ್ರಿಪೇಟೆಯಲ್ಲಿ ರೈಲು ಹತ್ತಿದ ಮೇಲೆ ಅವನು ಎದುರು ಕೂತವರ ಅಂಗಿಗಳನ್ನೇ ನೋಡುತ್ತಿದ್ದ. ಇದು ಬಿಳಿಯಾ ಎಂದು ಒಂದು ಸಲ ಕೇಳಿದ. ಹೌದು ಎಂದೆ. ಮತ್ತೆ ಕೇಳಲಿಲ್ಲ.

ಮರುದಿನ ಕಣ್ಣಿನ ಡಾಕ್ಟರು ಅದನ್ನೇ ಹೇಳಿದರು. ಎರಡೂ ಕಣ್ಣಿಗೆ ಪೊರೆ, ಕಂದು ಹಳದಿಗೆ ತಿರುಗಿದೆ, ಶಸ್ತ್ರಚಿಕಿತ್ಸೆ ಸುಲಭ, ಭಯವಿಲ್ಲ. ದಿನ ಸಿಕ್ಕಿದ್ದು ಎರಡು ವಾರದ ನಂತರ. ಅವನಿಗೆ ಶಸ್ತ್ರಚಿಕಿತ್ಸೆಯ ಚಿಂತೆಯೇ ಇರಲಿಲ್ಲ. ಕೆಟ್ಟುಹೋದ ಆಲ್ಬಮ್‌ಗಳನ್ನು ಒಂದೊಂದಾಗಿ ಹೊಸದಾಗಿ ಮಾಡಿಕೊಡಬೇಕು, ಮನೆಮನೆಗೆ ಹೋಗಿ ತಪ್ಪಾಯಿತೆಂದು ಹೇಳಬೇಕು, ಆಮೇಲೆ ಕ್ಯಾಮೆರಾ ಕೆಳಗಿಡಬೇಕು ಎಂದು ತೀರ್ಮಾನ ಮಾಡಿಬಿಟ್ಟಿದ್ದ. ಪುಣ್ಯಾತ್ಮ ಹಟ ಹಿಡಿದರೆ ಯಾರ ಮಾತೂ ಕೇಳುವವನಲ್ಲ. ಮನೆಯಲ್ಲಿ ಪೊರೆಯ ವಿಷಯ ಹೇಳಿದ, ಆಲ್ಬಮ್‌ಗಳ ವಿಷಯ ಹೇಳಲಿಲ್ಲ. ಹೆಂಡತಿ ಭವಾನಿಗೆ ಅದನ್ನು ಹೇಳಲು ನಾಚಿಕೆ.

ಮೊದಲು ಹೋದದ್ದು ಅಂಬತ್ತೂರಿನ ಸಂಜೀವ ಅವರ ಮನೆಗೆ. ಲೇತ್ ಕಾರ್ಖಾನೆ ಇಟ್ಟುಕೊಂಡವರು, ಹಾವೇರಿ ಕಡೆಯವರು, ಹೋದ ವರ್ಷ ಮಗಳ ಮದುವೆ ಮಾಡಿದ್ದರು. ಬಸ್ಸಿನಲ್ಲಿ ಇಡೀ ದಾರಿ ಇವನು ಏನು ಹೇಳಬೇಕೆಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದ. ಆಲ್ಬಮ್ ಪ್ರೆಸ್ಸಿನಿಂದ ನೇರವಾಗಿ ಗಿರಾಕಿಯ ಮನೆಗೆ ಹೋಗುವುದರಿಂದ ಅವನು ಅದನ್ನು ಅಚ್ಚಾದ ಮೇಲೆ ನೋಡಿರಲೇ ಇಲ್ಲ. ಸಂಜೀವ ಅವರು ಸಂಭ್ರಮದಿಂದ ಪೆಟ್ಟಿಗೆ ತಂದು ಬಿಚ್ಚಿದರು. ಬೀಗರ ಕಡೆಯವರೆಲ್ಲ ಈ ಬಣ್ಣ ನೋಡಿ ಬೆರಗಾದರು ಎಂದರು.

ನಾನು ಬಗ್ಗಿ ನೋಡಿದೆ. ಮದುಮಗಳ ಮುಖ ಮದುಮಗಳ ಮುಖದಂತೆಯೇ ಇತ್ತು. ಎದುರಿಗೆ ಗೋಡೆಯ ಮೇಲೆ ಬೇರೆಯವರು ತೆಗೆದ ಅವಳ ಫೋಟೋ ಇತ್ತು, ಅದಕ್ಕಿಂತ ಇದೇ ಚೆನ್ನಾಗಿತ್ತು. ಎಲ್ಲಿಯೂ ನೀಲಿಯಿಲ್ಲ. ಅವನ ಕಿವಿಯಲ್ಲಿ ಹೇಳಿದೆ. ಅವನು ಹಿಗ್ಗುತ್ತಾನೆ ಎಂದುಕೊಂಡರೆ ಮುಖ ಇನ್ನಷ್ಟು ಬಿಳಿಚಿಕೊಂಡಿತು.

ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದ. "ನನಗ ಅದು ಹಳದಿ ಕಾಣಿಸ್ತು ಕಮಲಾಕರ. ನನಗ ಹಳದಿ ಕಂಡೈತಿ ಅಂದ್ರ ಅದು ಸರಿ ಐತಿ. ಆದ್ರ ನಾ ನೀಲಿ ಸೇರಿಸಿ ಕೊಟ್ಟಿದ್ದು ಅದಲ್ಲ, ಯಾರೋ ತಿದ್ದ್ಯಾರ."

ಅಲ್ಲಿಂದಲೇ ಪ್ರೆಸ್ಸಿನ ರಘುವಿಗೆ ಫೋನ್ ಹಚ್ಚಿದ. ಬಣ್ಣಕ್ಕೆ ಕೈ ಹಾಕಿದ್ದು ಯಾರು ಎಂದು ಕೇಳಿದ. ರಘು, ನಾವು ಬಣ್ಣ ಮುಟ್ಟುವುದಿಲ್ಲ, ಅಕ್ಕ ಕಳಿಸಿದ್ದನ್ನು ಕಳಿಸಿದಂತೆಯೇ ಅಚ್ಚು ಹಾಕುತ್ತೇವೆ ಎಂದ. ಎರಡು ವರ್ಷದ ಹಿಂದೆ ಒಂದು ಸಲ ಎಲ್ಲ ನೀಲಿ ಬಂದಿತ್ತು, ಆಗ ಅಕ್ಕನಿಗೆ ಫೋನ್ ಮಾಡಿದ್ದೆ, ಆಮೇಲಿಂದ ಒಂದೂ ತಪ್ಪು ಬಂದಿಲ್ಲ ಎಂದ.

ಅಕ್ಕ ಎಂದರೆ ಭವಾನಿ. ಇವನು ಬಣ್ಣ ಕೂಡಿಸಿ ಕೊಟ್ಟ ಫೋಟೋಗಳನ್ನು ಒಳಕೋಣೆಯ ಕಂಪ್ಯೂಟರಿನಲ್ಲಿ ಪುಟಕ್ಕೆ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ಅವಳ ಕೆಲಸ. ಜೋಡಿಸುವುದು ಎಂದರೆ ಅಂಟಿಸುವುದು ಎಂದಷ್ಟೇ ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಪೊರೆಯ ಸುದ್ದಿಗಿಂತ ಇದು ಅವನನ್ನು ಹೆಚ್ಚು ಅಲ್ಲಾಡಿಸಿತು.

ಮಧ್ಯಾಹ್ನ ಮೂರು ಗಂಟೆಗೆ ಮನೆ ಮುಟ್ಟಿದಾಗ ಭವಾನಿ ಊಟದ ಮೇಜಿನ ಮೇಲೆ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಇವನು ಚಪ್ಪಲಿ ಬಿಡುವಷ್ಟು ಹೊತ್ತೂ ತಡೆಯಲಿಲ್ಲ. ನೀನೇನಾ ಬಣ್ಣ ತಿದ್ದುತ್ತಿದ್ದದ್ದು ಎಂದು ಕೇಳಿದ. ಅವಳು ಹೌದು ಎಂದಳು, ಮುಚ್ಚಿಡಲಿಲ್ಲ.

"ಎರಡು ವರ್ಷ," ಅಂದ ಅವನು. "ಒಂದ್ ಮಾತು ನನಗ ಯಾಕ ಹೇಳ್ಲಿಲ್ಲ?"

"ಹೇಳೀನ್ರಿ," ಎಂದಳು ಭವಾನಿ. ಸೊಪ್ಪಿನ ದಂಟು ಕೈಯಲ್ಲೇ ಉಳಿಯಿತು. "ಮೂರು ಸಲ ಹೇಳೀನಿ. ಮುಖ ನೀಲಿ ಆಗ್ಯಾವು ಅಂದೆ. ನೀವು, ಅಡಗಿ ಮನ್ಯಾಗ ಒಗ್ಗರಣಿ ಬಣ್ಣ ನೋಡ್ಕೋ ಹೋಗು ಅಂದ್ರಿ. ಕಣ್ಣಿಂದು ಅಂತ ನನಗೂ ತಿಳೀಲಿಲ್ಲ. ವಯಸ್ಸಾದ ಮ್ಯಾಲೆ ನಿಮ್ಮ ಮನಸ್ಸಿಗೆ ಹಂಗ ಚಂದ ಕಾಣ್ತೈತೇನೋ ಅನ್ಕೊಂಡೆ. ಕಮಲಾಕರಣ್ಣನೂ ಇಲ್ಲೇ ಇದ್ರು ಒಂದ್ ಸಲ."

ಇದ್ದೆ. ಅವಳು ಹೇಳಿದ ಕೂಡಲೇ ನೆನಪಾಯಿತು. ಅದೇ ಸೋಫಾದ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆ. ಒಗ್ಗರಣೆಯ ಮಾತಿಗೆ ನಕ್ಕಿದ್ದೆ ಕೂಡ, ಚೆನ್ನಾಗಿ ಹೇಳಿದೆ ಎಂದು ಅವನ ಬೆನ್ನು ತಟ್ಟಿದ್ದೆ. ಆವತ್ತು ಇಬ್ಬರಲ್ಲಿ ಒಬ್ಬರಾದರೂ ಎದ್ದು ಹೋಗಿ ಆ ಫೋಟೋ ನೋಡಿದ್ದರೆ ಅವನ ಕಣ್ಣು ಆವತ್ತೇ ಗೊತ್ತಾಗುತ್ತಿತ್ತು. ಇವನು ಸುಳ್ಳು ಬಣ್ಣ ಹಚ್ಚುತ್ತಾ, ಅವಳು ಅದನ್ನು ಮಾತಿಲ್ಲದೆ ಒರೆಸುತ್ತಾ, ಗೋಡೆಯ ಆಚೆ ಈಚೆ ಕೂತು ಎರಡು ವರ್ಷ ಕಳೆದಿದ್ದರು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಸಂಜೀವ ಅವರ ಬೀಗರು ಬೆರಗಾದದ್ದು ಯಾರ ಬಣ್ಣಕ್ಕೆ ಎಂಬುದು ಸಿದ್ಧಲಿಂಗೇಶನಿಗೆ ನಿಧಾನವಾಗಿ ಇಳಿಯುತ್ತಿತ್ತೇನೋ. ಆಮೇಲೆ ಹಳೆಯ ಲ್ಯಾಪ್‌ಟಾಪನ್ನು ಮೇಜಿಗೆ ತಂದು ಸೊಪ್ಪು ಸರಿಸಿ ಇಟ್ಟ. ಸಂಗೀತಾಳ ಮದುವೆಯ ಫೋಟೋ ಒಂದನ್ನು ತೆರೆದು ಹೆಂಡತಿಗೆ ಕುರ್ಚಿ ಎಳೆದುಕೊಟ್ಟ.

"ಹೆಂಗೈತಿ ಹೇಳು."

ನೀಲಿ ಬಹಳ ಆಗಿದೆ ಎಂದಳು. ಅವನು ಇಳಿಸಿದ. ಇನ್ನೂ ಇದೆ ಎಂದಳು. ಮತ್ತೆ ಇಳಿಸಿದ. ಮತ್ತೆ, ಮತ್ತೆ. ಒಂದು ಹಂತದಲ್ಲಿ ಕೈ ನಿಲ್ಲಿಸಿ, ನನಗೆ ಆ ಹುಡುಗಿ ಅರಿಶಿನದ ಹಂಡೆಯಲ್ಲಿ ಬಿದ್ದು ಎದ್ದ ಹಾಗೆ ಕಾಣುತ್ತಿದ್ದಾಳೆ ಎಂದ. ಭವಾನಿ ನಗಲಿಲ್ಲ. ಇನ್ನು ಒಂದು ಚೂರು ಎಂದಳು. ಅವನು ಆ ಒಂದು ಚೂರನ್ನೂ ಇಳಿಸಿದ.

"ಈಗ ಸರಿ ಐತ್ರಿ," ಎಂದಳು.

ಮೂವತ್ತು ವರ್ಷದಲ್ಲಿ ತನಗೆ ಒಪ್ಪದ ಒಂದು ಫೋಟೋವನ್ನೂ ಕೈಯಿಂದ ಬಿಟ್ಟವನಲ್ಲ ಅವನು. ಪರದೆಯನ್ನು ಬಹಳ ಹೊತ್ತು ನೋಡಿದ. ನಂತರ ಅದನ್ನು ಹಾಗೆಯೇ ಉಳಿಸಿ, ಮುಂದಿನ ಫೋಟೋ ತೆರೆದ.