ದೇವರ ಕೋಣೆಯ ಸ್ಪೀಕರ್ ಲೈನು

ಇಲ್ಲ, ಆ ಮನೆಗೆ ನಾನು ಮೊದಲು ಹೋದ ದಿನ ಪ್ಲಾಸ್ಟರ್ ಇನ್ನೂ ಶುರುವಾಗಿರಲಿಲ್ಲ ಅನಿಸುತ್ತದೆ. ಗೋಡೆಯಲ್ಲಿ ಇಟ್ಟಿಗೆ ಕಾಣುತ್ತಿತ್ತು ಎಂಬುದು ನನ್ನ ನೆನಪೋ, ಆಮೇಲೆ ನೋಡಿದ ಫೋಟೊದ ನೆನಪೋ, ಹೇಳಲಾರೆ. ಕೋವಿಡ್ ತಗ್ಗಿದ ಮರುವರ್ಷ ಎಂಬುದು ಮಾತ್ರ ಖಾತ್ರಿ. ಆಗ ನಾನು ಛತ್ರಪತಿ ಸಂಭಾಜಿನಗರದ ಒಂದು ಆಡಿಯೊ ಕಂಪನಿಯಲ್ಲಿ ಡಿಸೈನ್ ಇಂಜಿನಿಯರ್. ಇಡೀ ಮನೆಗೆ ಸಂಗೀತ ಹಾಯಿಸುವ ವೈರಿಂಗ್ ಯೋಜಿಸುವುದು ನನ್ನ ಕೆಲಸ. ನಾಸಿಕ್‌ನಲ್ಲಿ ಮನೆ ಕಟ್ಟಿಸುತ್ತಿದ್ದ ಬೀದರ್ ಕಡೆಯವರೊಬ್ಬರು, ಅಲ್ಲಿನ ಸಾತಪುರ ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ವರ್ಕ್‌ಶಾಪ್ ಇದ್ದವರು, ನಾನು ಕನ್ನಡದವನೆಂದು ತಿಳಿದೇ ಕರೆಸಿದರು. ಶಿವಶರಣಪ್ಪ ಎನ್ನೋಣ.

ಬೆಳಿಗ್ಗೆ ಆರಕ್ಕೆ ಎಲ್ಲ ಕೋಣೆಗಳಲ್ಲೂ ವಚನ ಗಾಯನ ಮೊಳಗಬೇಕು, ಅದೂ ತಮ್ಮ ಫೋನಿನಿಂದಲೇ. ಇದು ಅವರ ಬೇಡಿಕೆ.

ಇಂಥ ಮನೆಯಲ್ಲಿ ಪ್ರತಿ ಸ್ಪೀಕರಿನ ವೈರೂ ಆಂಪ್ಲಿಫೈಯರ್ ಇರುವ ಕಪಾಟಿಗೆ ಬೇರೆಬೇರೆಯಾಗಿ ಬರಬೇಕು. ಕರೆಂಟಿನ ವೈರಿಗೆ ಅಂಟಿಸಿ ಓಡಿಸಿದರೆ ಗುಂಯ್ ಎನ್ನುತ್ತದೆ, ಹಾಗಾಗಿ ಪೈಪೂ ಬೇರೆ. ಗಾರೆ ಬಿದ್ದ ಮೇಲೆ ಯಾವ ಪೈಪು ಎಲ್ಲಿದೆ ಎಂದು ತಿಳಿಯದ ಕಾರಣ ಮೊದಲೇ ಗೋಡೆಗಳ ಫೋಟೊ ತೆಗೆದಿಡುತ್ತೇವೆ.

ದೇವರ ಕೋಣೆಯಲ್ಲಿ ಗುರುತು ಹಾಕುವಾಗ ಅವರ ಹೆಂಡತಿ ಸುವರ್ಣಾ ಬಂದರು.

“ಅಣ್ಣಾರ, ಈ ಖೋಲ್ಯಾಗ ಬ್ಯಾಡ್ರಿ. ಲಿಂಗ ಕೈಯಾಗ ಹಿಡ್ಕೊಂಡು ಕುಂತಾಗ ನನಗ ಏನೂ ಕೇಳಬಾರದು. ದಿನದಾಗ ಅಷ್ಟೇ ಹೊತ್ತು ನನ್ನದು.”

ಅವರ ಇಷ್ಟಲಿಂಗ ಪೂಜೆಯೂ ಬೆಳಗಿನ ಆರಕ್ಕೇ.

ಶಿವಶರಣಪ್ಪ ನಕ್ಕರು. “ವಚನ ಕಿವಿಗಿ ಬಿದ್ರ ಪಾಪ ಹತ್ತತದೇನು? ನೋಡ್ರಿ ಸಾಹೇಬ್ರ, ನಮ್ಮ ಮನ್ಯಾಗ ಲಿಂಗಕ್ಕೇ ವಚನ ಬ್ಯಾಡಾಗ್ಯದ!” ಗೋಡೆ ಕೆಲಸಕ್ಕಿದ್ದ, ಕನ್ನಡ ಬಾರದ ಗೌಂಡಿಯೂ ನಕ್ಕ.

ನಾನು ನಡುದಾರಿ ಹೇಳಿದೆ. ಬಾಗಿಲ ಪಕ್ಕ ಒಂದು ವಾಲ್ಯೂಮ್ ಕಂಟ್ರೋಲ್ ಕೂರಿಸೋಣ. ತಿರುಗಿಸಿದರೆ ಆ ಕೋಣೆಯಷ್ಟೇ ಸುಮ್ಮನಾಗುತ್ತದೆ, ಉಳಿದ ಮನೆ ಹಾಡುತ್ತಿರುತ್ತದೆ. ಇಬ್ಬರೂ ಒಪ್ಪಿದರು. ಸೀಲಿಂಗಿನಿಂದ ಪೈಪು ಅಲ್ಲಿಗೆ ಇಳಿಯುವುದನ್ನು ಸುವರ್ಣಾ ನಿಂತು ನೋಡಿದರು. ಇದಾದರೂ ಸರಿಯಾದ ನೆನಪೇ?

ಗೃಹಪ್ರವೇಶಕ್ಕೆ ಹೋದಾಗ ಕಂಟ್ರೋಲ್ ಇರಬೇಕಾದ ಜಾಗದಲ್ಲಿ ತೂತು ಮುಚ್ಚುವ ಬರೀ ಬಿಳಿ ಪ್ಲೇಟು ಇತ್ತು. ಶಿವಶರಣಪ್ಪ ತಮ್ಮ ಎಲೆಕ್ಟ್ರಿಷಿಯನ್‌ನಿಂದ ಕಂಟ್ರೋಲ್ ಕೀಳಿಸಿ ವೈರುಗಳನ್ನು ನೇರ ಜೋಡಿಸಿದ್ದರು.

“ಯಾಕ್ ತೆಗಸಿದ್ರಿ?”

“ಮನಿ ಒಂದು, ವಾಲ್ಯೂಮೂ ಒಂದೇ ಇರ್ಲಿ.”

ಸುವರ್ಣಾ ಅಲ್ಲೇ ಹೋಳಿಗೆ ಬಡಿಸುತ್ತಿದ್ದರು. “ಇನ್ನೊಂದು ಹಾಕಲೇನ್ರಿ?” ಎಂದಷ್ಟೇ ನನ್ನನ್ನು ಕೇಳಿದರು.

ಕೆಲವು ತಿಂಗಳ ಬಳಿಕ ಶಿವಶರಣಪ್ಪನವರ ಫೋನ್ ಬಂತು: ಇಡೀ ಮನೆ ಬಂದ್. ಹೋಗಿ ನೋಡಿದರೆ ಆಂಪ್ಲಿಫೈಯರ್ ಹಚ್ಚಿದ ಕೂಡಲೇ ತಾನೇ ಆರುತ್ತಿತ್ತು. ಎಲ್ಲೋ ಶಾರ್ಟ್ ಆದರೆ ತನ್ನನ್ನು ಉಳಿಸಿಕೊಳ್ಳಲು ಅದು ಹಾಗೆ ಮಾಡುತ್ತದೆ. ಒಂದೊಂದೇ ಲೈನು ಬಿಚ್ಚುತ್ತ ಬಂದೆ. ದೇವರ ಕೋಣೆಯದನ್ನು ಬಿಚ್ಚಿದಾಗ ಉಳಿದ ಮನೆ ಹಾಡಿತು. ಆ ಕೋಣೆಯಲ್ಲಿ ಬಿಳಿ ಪ್ಲೇಟಿನ ನೇರ ಮೇಲೆ ಒಂದು ಮೊಳೆ, ಮೊಳೆಗೆ ಕ್ಯಾಲೆಂಡರ್. ಮೊಳೆ ಪೈಪು ತೂರಿ ಎರಡೂ ವೈರುಗಳನ್ನು ಕೂಡಿಸಿತ್ತು.

“ಇಲ್ಲಿ ಮೊಳಿ ಯಾರ್ ಹೊಡದಾರ?”

“ನಾನೇ. ಕ್ಯಾಲೆಂಡರ್ ಎಲ್ಲೆರೆ ಹಾಕಬೇಕಲ್ರಿ,” ಎಂದರು ಸುವರ್ಣಾ.

“ಒಳಗ ವೈರ್ ಅದ ಅಂತ ಗೊತ್ತಿರ್ಲಿಲ್ಲೇನು?”

“ಗ್ವಾಡಿ ಒಳಗಿಂದು ನನಗೇನ್ ಕಾಣ್ತದ್ರಿ?”

ಈ ಒಂದು ಲೈನು ಬಿಟ್ಟರೂ ಮನೆಯೆಲ್ಲ ನಡೆಯುತ್ತದೆ, ಹೀಗೇ ಇರಲಿ ಎಂದೆ.

“ಅದೇ ಮದಲ ಸುರು ಆಗಬೇಕು,” ಎಂದರು ಶಿವಶರಣಪ್ಪ.

ಮುಂದೆ ಅವರು ನನ್ನನ್ನು ಕರೆಯಲಿಲ್ಲ. ಬೇರೆಯವರಿಂದ ಗೋಡೆ ಒಡೆಸಿ ಹೊಸ ಲೈನು ಎಳೆಸಿ ನನಗೊಂದು ಫೋಟೊ ಕಳಿಸಿದರು. ಸ್ಪೀಕರ್ ಹಳೆಯದಕ್ಕಿಂತ ದೊಡ್ಡದು. ಕೆಳಗೆ ಒಂದೇ ಸಾಲು: “ಈಗ ಬರೋಬರಿ ಆತು.”

ಕೋಣೆಕೋಣೆಗೂ ದನಿ ಮುಟ್ಟಿಸುವುದು ಕಷ್ಟವಲ್ಲ. ಅದನ್ನು ನಿಲ್ಲಿಸುವ ಗುಂಡಿಯನ್ನು ಗೋಡೆಯಲ್ಲಿ ಕೂರಿಸಿ ಬಂದರೂ ಅದು ಯಜಮಾನ ಇಟ್ಟುಕೊಂಡಷ್ಟು ದಿನ. ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ. ಆ ಮೊಳೆ ಬೇಕೆಂದೇ ಹೊಡೆದದ್ದೋ ಎಂದು ನಾನು ಕೇಳಲಿಲ್ಲ. ಈಗ ಬೆಳಿಗ್ಗೆ ಆರಕ್ಕೆ ಸುವರ್ಣಾ ಎಲ್ಲಿ ಕೂರುತ್ತಾರೆ ಎಂಬುದೂ ನನಗೆ ಗೊತ್ತಿಲ್ಲ.